ಫೋಟೋದ ಅಂಚಿನಾಚೆ ನಮ್ಮ ಬೀದಿ

ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಕೆಳಗೆ ಬಂತು. ಒಳಗೆ ಮೂರು ಆಲ್ಬಮ್, ಒಂದಷ್ಟು ಬಿಡಿ ಫೋಟೋ, ಮತ್ತೆ ಅಪ್ಪನ ನೆಗೆಟಿವ್‌ಗಳು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅಲ್ಲಿಂದ ಈಚೆಗೆ ಆ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದ ತಕ್ಷಣ ಹುಳಿ ವಾಸನೆ ಮೂಗಿಗೆ ಹೊಡೆಯಿತು, ವಿನಿಗರ್ ಥರ. ನೆಗೆಟಿವ್ ಮಾಡಿರುವ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ ಫಿಲ್ಮ್ ಕೆಡೋಕೆ ಶುರುವಾದಾಗ ಬರುವ ವಾಸನೆ ಅದು ಅಂತ ಆಮೇಲೆ ಓದಿ ತಿಳಿದುಕೊಂಡೆ. ಸೆಕೆ, ತೇವ ಎರಡೂ ಸೇರಿದರೆ ಇನ್ನೂ ಬೇಗ ಕೆಡುತ್ತದೆ, ಒಂದರ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ಹಾಗಾಗಿ ವಾಸನೆ ಬರುತ್ತಿದ್ದ ನೆಗೆಟಿವ್ ಪಟ್ಟಿಗಳನ್ನು ಅವತ್ತೇ ಬೇರೆ ತೆಗೆದಿಟ್ಟೆ. ಸ್ಕ್ಯಾನ್ ಮಾಡೋಕೆ ಕೂತಾಗ ಅವಕ್ಕೇ ಮೊದಲ ಸರದಿ ಕೊಟ್ಟೆ.

ಕೆಲಸ ಒಂದು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಸ್ಕ್ಯಾನಿಂಗ್‌ಗೆ ಹೋದದ್ದು ಅದರಲ್ಲಿ ಸ್ವಲ್ಪವೇ ಸಮಯ. ಉಳಿದದ್ದೆಲ್ಲ ನೋಡೋದರಲ್ಲಿ, ಕೇಳೋದರಲ್ಲಿ ಹೋಯಿತು.

ಮೊದಲ ವಾರವೇ ಒಂದು ತಪ್ಪು ಮಾಡಿದೆ. ನನಗೆ ಬೇಕಾಗಿದ್ದದ್ದು ಮನೆಯವರ ಮುಖ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅಜ್ಜಿ, ಚಿಕ್ಕಪ್ಪ, ಸಣ್ಣವಳಾಗಿದ್ದ ಅಕ್ಕ, ಇವರ ಸುತ್ತ ಚೌಕ ಹಾಕಿ, ಉಳಿದದ್ದನ್ನು ಕತ್ತರಿಸಿ, ಸುಮಾರು ಅರವತ್ತು ಫೋಟೋ ಸಿದ್ಧ ಮಾಡಿ ಅಕ್ಕನಿಗೆ ಕಳಿಸಿದೆ. ಅವಳು ಒಂದೊಂದಾಗಿ ನೋಡಿ ಫೋನ್ ಮಾಡಿದಳು. 'ಎಲ್ಲಾ ಚೆನ್ನಾಗಿದೆ ಕಣೇ, ಆದ್ರೆ ನಮ್ಮ ಬೀದಿ ಎಲ್ಲಿ ಹೋಯ್ತು?' ಅಂದಳು. ನನಗೆ ತಟ್ಟನೆ ಅರ್ಥ ಆಗಲಿಲ್ಲ. ಮುಖ ಬೇರೆ ಆಲ್ಬಮ್‌ಗಳಲ್ಲೂ ಇವೆ, ಮದುವೆ ಫೋಟೋಗಳಲ್ಲೂ ಇವೆ. ನಮ್ಮ ಹಿಂದೆ ಇದ್ದ ಗೋಡೆ, ಕಂಬ, ಎದುರು ಮನೆ ಜಗಲಿ ಮಾತ್ರ ಇನ್ನೆಲ್ಲೂ ಇಲ್ಲ, ಅದನ್ನೇ ನೀನು ಕತ್ತರಿಸಿದ್ದೀಯ ಅಂತ ಅವಳು ಬಿಡಿಸಿ ಹೇಳಿದಳು. ಹೌದಲ್ವಾ ಅನ್ನಿಸಿತು. ನಮ್ಮ ಬೀದಿಯನ್ನು ಬೀದಿ ಅಂತ ಯಾರೂ ಫೋಟೋ ತೆಗೆದಿರಲಿಲ್ಲ. ಯಾರಾದರೂ ಹೊಸ ಬಟ್ಟೆ ಹಾಕಿಕೊಂಡು ಬಾಗಿಲ ಮುಂದೆ ನಿಂತಾಗ ಅವರ ಬೆನ್ನ ಹಿಂದೆ ಅದು ಸುಮ್ನೆ ಬಂದು ನಿಂತಿತ್ತು, ಅಷ್ಟೇ. ಅರವತ್ತನ್ನೂ ಮತ್ತೆ ಸ್ಕ್ಯಾನ್ ಮಾಡಿದೆ, ಈ ಸಲ ಬಿಳಿ ಅಂಚಿನ ಸಮೇತ, ಒಂದು ಕೂದಲೆಳೆಯಷ್ಟೂ ಬಿಡದೆ.

ಈ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ನಾನು ಮಾಡಿದ ಕ್ರಮ ಹೇಳುತ್ತೇನೆ. ನಮ್ಮ ಆಲ್ಬಮ್‌ಗಳಲ್ಲಿ ಎರಡರ ಹಾಳೆಗೆ ಅಂಟಿನ ಗೆರೆಗಳಿದ್ದವು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತಲ್ಲ, ಆ ಥರದವು. ನೋಡೋಕೆ ಚೆಂದ, ಫೋಟೋಗೆ ವಿಷ. ಅಂಟು ವರ್ಷಗಟ್ಟಲೆ ಹಳದಿಯಾಗಿ, ಗಟ್ಟಿಯಾಗಿ, ಫೋಟೋ ಬೆನ್ನಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಹರಿಯುತ್ತದೆ, ಒಂದು ಹರಿದೂ ಹೋಯಿತು. ಆಮೇಲೆ ಹಲ್ಲಿನ ಸಂದು ಸ್ವಚ್ಛ ಮಾಡುವ ಫ್ಲಾಸ್ ದಾರ ತಂದೆ. ಫೋಟೋ ಮತ್ತು ಹಾಳೆ ನಡುವೆ ದಾರ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ನಿಧಾನವಾಗಿ ಎಳೆದರೆ ಅಂಟು ಬಿಡುತ್ತದೆ. ಬಿಡದೇ ಇದ್ದದ್ದನ್ನು ಬಲವಂತ ಮಾಡದೆ ಹಾಳೆ ಸಮೇತ ಸ್ಕ್ಯಾನ್ ಮಾಡಿದೆ. ಬಿಡಿಸುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಒಂದು ಫೋಟೋ ತೆಗೆದಿಟ್ಟುಕೊಂಡೆ. ಯಾವುದರ ಪಕ್ಕ ಯಾವುದು ಇತ್ತು ಅನ್ನೋದು ಆಮೇಲೆ ತುಂಬಾ ಕೆಲಸಕ್ಕೆ ಬಂತು. ಎರಡು ಫೋಟೋ ಒಂದೇ ದಿನದ್ದು ಅಂತ ಎಷ್ಟೋ ಸಲ ಗೊತ್ತಾಗಿದ್ದು ಬರೀ ಆ ಜೋಡಣೆಯಿಂದ.

ಪ್ರಿಂಟ್‌ಗಳನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ), ನೆಗೆಟಿವ್‌ಗಳನ್ನು 3200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. 35 ಎಂಎಂ ನೆಗೆಟಿವ್‌ನ ಚೌಕಟ್ಟು ಬರೀ 24 ಮಿಲಿಮೀಟರ್‌ಗೆ 36 ಮಿಲಿಮೀಟರ್. ಅಷ್ಟು ಚಿಕ್ಕದರಿಂದ ಸುಮಾರು 4500ಕ್ಕೆ 3000 ಪಿಕ್ಸೆಲ್‌ನ ಚಿತ್ರ ಸಿಗುತ್ತದೆ, ಆಲ್ಬಮ್‌ನ ಚಿಕ್ಕ ಪ್ರಿಂಟಿನಲ್ಲಿ ಬರೀ ಕಪ್ಪು ಚುಕ್ಕೆಯಾಗಿದ್ದದ್ದು ಇಲ್ಲಿ ಕಿಟಕಿಯಲ್ಲಿ ನಿಂತ ಹೆಂಗಸಾಗಿರುತ್ತದೆ. ಮೂಲವನ್ನು ಯಾವ ವಿವರವೂ ಕಳೆದುಹೋಗದ ಟಿಫ್ ಫೈಲಾಗಿ ಇಟ್ಟುಕೊಂಡೆ, ಹಂಚೋಕೆ ಮಾತ್ರ ಚಿಕ್ಕದಾದ ಜೆಪೆಗ್. ಫೋಟೋದ ಹಿಂಬದಿಯನ್ನೂ ಬಿಡಲಿಲ್ಲ. ಅಪ್ಪನಿಗೆ ಹಿಂದೆ ತಿಂಗಳು, ವರ್ಷ ಬರೆದಿಡುವ ಅಭ್ಯಾಸ ಇತ್ತು. ನಾನು ಹೊಸದಾಗಿ ಏನಾದರೂ ಬರೆಯಬೇಕಾದರೆ ಮೆತ್ತನೆ ಪೆನ್ಸಿಲ್ ಬಳಸಿದೆ, ಅದೂ ಅಂಚಿನಲ್ಲಿ. ಬಾಲ್ ಪೆನ್ನಿನ ಒತ್ತು ಮುಂದೆ ಮುಖದ ಮೇಲೆ ಉಬ್ಬಿ ಕಾಣುತ್ತದೆ.

ಕಪ್ಪು ಬಿಳುಪಿನ ಫೋಟೋಗಳು ಬಹಳಷ್ಟು ಚೆನ್ನಾಗೇ ಇದ್ದವು, ಅವುಗಳಲ್ಲಿ ಚಿತ್ರ ಮೂಡಿರೋದು ಬೆಳ್ಳಿಯ ಕಣಗಳಿಂದ. ನಂತರದ ಕಲರ್ ಫೋಟೋಗಳೇ ಕೆಂಪಗಾಗಿ ಹೋಗಿದ್ದವು. ಅವುಗಳಲ್ಲಿ ಇರೋದು ಬಣ್ಣದ ಪದರಗಳು. ನಮ್ಮವುಗಳಲ್ಲಿ ನೀಲಿ-ಹಸಿರು ಪದರ ಮೊದಲು ಮಾಸಿ, ಆಕಾಶ, ಗೋಡೆ, ಅಕ್ಕನ ಲಂಗ, ಎಲ್ಲಾ ಒಂದೇ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಸರಿಮಾಡಬಹುದು. ನಾನು ಒಂದೆರಡು ಮಾಡಿ ಬಿಟ್ಟೆ. ಲಂಗದ ನಿಜವಾದ ಬಣ್ಣ ಅಮ್ಮನಿಗೆ ನೆನಪಿತ್ತು, ಕಂಪ್ಯೂಟರಿಗೆ ಇರಲಿಲ್ಲ.

ಈಗ ಆ ಮರದ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆ ಮುಂದೆ ಒಂದು ದೊಡ್ಡ ಮರ ಇತ್ತು. ಮನೆಗೆ ಮುಖ ಮಾಡಿ ನಿಂತರೆ ಅದು ಬಾಗಿಲಿನ ಎಡಕ್ಕಿತ್ತು ಅಂತ ಅಮ್ಮ. ಒಂದು ನೆಗೆಟಿವ್ ಸ್ಕ್ಯಾನ್ ಮಾಡಿ ತೆರೆದು ನೋಡಿದರೆ ಮರ ಬಲಕ್ಕಿದೆ! ಅಮ್ಮನಿಗೆ ತೋರಿಸಿದೆ. 'ಇಲ್ಲ, ಎಡಕ್ಕೇ ಇದ್ದದ್ದು. ನಾನು ಇಪ್ಪತ್ತು ವರ್ಷ ಅದರ ಎಲೆ ಗುಡಿಸಿದ್ದೀನಿ' ಅಂದರು. ನಾನು, 'ಅಮ್ಮಾ, ಫೋಟೋ ಸುಳ್ಳು ಹೇಳುತ್ತಾ? ನಿಮಗೆ ವಯಸ್ಸಾಯ್ತು, ಮರೆತಿರ್ತೀರಿ' ಅಂದುಬಿಟ್ಟೆ. ಅವರು ಸುಮ್ಮನಾದರು. ಆಮೇಲೆ ಎರಡು ದಿನ ಯಾವ ಫೋಟೋ ತೋರಿಸಿದರೂ 'ನನಗೇನು ಗೊತ್ತು, ನೀನೇ ನೋಡಿಕೋ' ಅನ್ನೋರು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಮೂರನೇ ದಿನ ಅವರೇ ಕನ್ನಡಕ ಹಾಕಿಕೊಂಡು ಬಂದು ಆ ಚಿತ್ರ ಮತ್ತೆ ತೆಗಿ ಅಂದರು. ಮರದ ಕೆಳಗೆ ಚಿಕ್ಕಪ್ಪ ಸೈಕಲ್ ಹಿಡಿದು ನಿಂತಿದ್ದರು. ಅಮ್ಮ ಮೊದಲು ನೋಡಿದ್ದು ಶರ್ಟ್. ಅವರು ಹೊಲಿಗೆ ಕಲಿತವರು. 'ಈ ಜೇಬು ನೋಡು, ಬಲಗಡೆ ಇದೆ. ಶರ್ಟಿಗೆ ಯಾರು ಬಲಗಡೆ ಜೇಬಿಡ್ತಾರೆ? ಗುಂಡಿ ಪಟ್ಟಿನೂ ಉಲ್ಟಾ' ಅಂದರು. ನಾನು ಸೈಕಲ್ ನೋಡಿದೆ. ಸೈಕಲ್ಲಿನ ಚೈನು ಯಾವತ್ತೂ ಸವಾರನ ಬಲಗಾಲಿನ ಕಡೆ ಇರುತ್ತದೆ, ಇಲ್ಲಿ ಎಡಕ್ಕಿತ್ತು. ಚಿಕ್ಕಪ್ಪನ ವಾಚು ಕೂಡ ಬಲಗೈಯಲ್ಲಿ. ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದೆ. ಫಿಲ್ಮಿಗೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಚಿತ್ರ ಮೂಡಿರೋದು ಮಂಕು ಕಡೆಯಲ್ಲಿ. ಹೊಳಪಿನ ಕಡೆಯಿಂದ ನೋಡಿದರೆ ಎಡಬಲ ಸರಿಯಾಗಿರುತ್ತದೆ, ಅಂಚಿನ ಅಕ್ಷರ, ಅಂಕಿಗಳನ್ನೂ ನೇರವಾಗಿ ಓದಬಹುದು. ನನ್ನ ಸ್ಕ್ಯಾನರಿನಲ್ಲಿ ಹೊಳಪಿನ ಕಡೆ ಗಾಜಿಗೆ ತಾಗಬೇಕಿತ್ತು, ನಾನು ಮಗುಚಿ ಇಟ್ಟಿದ್ದೆ. ಆ ಪಟ್ಟಿಯ ಆರೂ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬಂದಿದ್ದವು. ತಿರುಗಿಸಿದೆ. ಮರ ಎಡಕ್ಕೆ ಬಂತು. ಅಮ್ಮ ಏನೂ ಹೇಳಲಿಲ್ಲ, ಪರದೆ ಮೇಲೆ ಆ ಮರದ ಬುಡವನ್ನು ಬೆರಳಿನಿಂದ ಒಂದು ಸಲ ಸವರಿದರು.

ಫೋಟೋದಲ್ಲಿ ಇದೆ ಅಂದಮೇಲೆ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ನಗರದ ಬೀದಿಯ ತೀರ ಹಳೆಯ ಫೋಟೋಗಳಲ್ಲಿ ಒಂದನ್ನೇ ತಗೊಳ್ಳಿ, ಫೋಟೋ ತೆಗೆಯುವ ಮೊದಮೊದಲ ವಿಧಾನಗಳಲ್ಲಿ ಒಂದನ್ನು ಕಂಡುಹಿಡಿದ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನಲ್ಲಿ ಎತ್ತರದ ಕಿಟಕಿಯಿಂದ ತೆಗೆದದ್ದು. ಅದೂ ಎಡಬಲ ಅದಲುಬದಲಾದ ಚಿತ್ರವೇ, ಆ ವಿಧಾನದಲ್ಲಿ ಚಿತ್ರ ಮೂಡುತ್ತಿದ್ದದ್ದೇ ಕನ್ನಡಿಯಲ್ಲಿ ಕಂಡಂತೆ. ಜೊತೆಗೆ, ಅದು ಜನ, ಗಾಡಿ ತುಂಬಿ ಓಡಾಡುತ್ತಿದ್ದ ಬೀದಿ, ಚಿತ್ರದಲ್ಲಿ ನೋಡಿದರೆ ಬಿಕೋ ಅನ್ನುತ್ತದೆ. ಒಂದು ಚಿತ್ರ ಮೂಡೋಕೆ ಆಗ ನಿಮಿಷಗಟ್ಟಲೆ ಬೇಕಿತ್ತು. ನಡೆಯುತ್ತಿದ್ದವರು, ಗಾಡಿಗಳು, ಯಾವುದೂ ದಾಖಲಾಗಲಿಲ್ಲ. ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಕಾಲು ಅಲ್ಲಾಡಿಸದೆ ನಿಂತ ಒಬ್ಬ ಮನುಷ್ಯ, ಪಾಲಿಶ್ ಹಾಕುತ್ತಿದ್ದವನು, ಇವರು ಕಣ್ಣಿಗೆ ಬೀಳುವಷ್ಟು ಉಳಿದುಕೊಂಡರು. ಇದನ್ನು ತಿಳಿದಮೇಲೆ ಖಾಲಿ ಬೀದಿಯ ಹಳೇ ಫೋಟೋ ಕಂಡಾಗೆಲ್ಲ, ಇಲ್ಲಿಂದ ಎಷ್ಟು ಜನ ಹಾದುಹೋಗಿರಬಹುದು ಅಂತಲೇ ಯೋಚನೆ ಬರುತ್ತದೆ.

ಬೇರೆ ಊರುಗಳಲ್ಲಿ ಬೀದಿಯನ್ನೇ ಗುರಿ ಮಾಡಿ ಫೋಟೋ ತೆಗೆಸಿದ್ದೂ ಇದೆ. 1860ರ ದಶಕದಲ್ಲಿ ಪ್ಯಾರಿಸ್ಸಿನ ಹಳೇ ಗಲ್ಲಿಗಳನ್ನು ಕೆಡವಿ ಅಗಲ ರಸ್ತೆ ಮಾಡುವಾಗ, ಆ ಗಲ್ಲಿಗಳ ಚಿತ್ರ ತೆಗೆಯೋಕೆ ಅಲ್ಲಿನ ಆಡಳಿತವೇ ಶಾರ್ಲ್ ಮಾರ್ವಿಲ್ ಅನ್ನುವ ಛಾಯಾಗ್ರಾಹಕನನ್ನು ನೇಮಿಸಿತ್ತು. ನ್ಯೂಯಾರ್ಕಿನಲ್ಲಿ 1939ರಿಂದ 1941ರವರೆಗೆ ತೆರಿಗೆ ಲೆಕ್ಕಕ್ಕಾಗಿ ಊರಿನ ಐದೂ ಭಾಗಗಳ ಕಟ್ಟಡಗಳನ್ನು ಒಂದೊಂದಾಗಿ ಫೋಟೋ ತೆಗೆದರು, ಒಟ್ಟು 7 ಲಕ್ಷಕ್ಕೂ ಜಾಸ್ತಿ. ಕಟ್ಟಡದ ಮುಂದೆ ಅದರ ನಂಬರಿನ ಫಲಕ ಹಿಡಿದು ತೆಗೆದ ಬೇಸರದ ಸರಕಾರಿ ಚಿತ್ರಗಳು ಅವು. ಈಗ ಜನ ಅವುಗಳಲ್ಲಿ ಅಜ್ಜ ಅಜ್ಜಿ ಇದ್ದ ಮನೆ ಹುಡುಕುತ್ತಾರೆ. ಮೆಟ್ಟಿಲ ಮೇಲೆ ಕೂತ ಮಗು, ಕಿಟಕಿಯಿಂದ ಇಣುಕುವ ತಲೆ ಸಿಕ್ಕರೆ ಅದೇ ದೊಡ್ಡದು. ತೆರಿಗೆ ಲೆಕ್ಕ ಯಾರಿಗೆ ಬೇಕು ಈಗ?

ನನಗೆ ಅಂಥ ದಫ್ತರು ಏನೂ ಇರಲಿಲ್ಲ. ಇದ್ದದ್ದು ಅಪ್ಪನ ಪೆಟ್ಟಿಗೆ ಮಾತ್ರ. ಹಾಗಾಗಿ ಪ್ರಿಂಟ್ ಕೈಯಲ್ಲಿ ಹಿಡಿದು ಬೀದಿಗೇ ಹೋದೆ.

ಅಪ್ಪ ನಿಂತಿದ್ದ ಜಾಗದಲ್ಲೇ ನಿಲ್ಲಬೇಕು ಅನ್ನೋದು ನನ್ನ ಆಸೆ. ಇದಕ್ಕೆ ಒಂದು ಉಪಾಯ ಇದೆ. ಫೋಟೋದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು, ಒಂದರ ಹಿಂದೆ ಒಂದು ಬಂದು ಕೂಡುವ ಜಾಗ ಹುಡುಕಬೇಕು. ನಮ್ಮದರಲ್ಲಿ ಕಂಬದ ಅಂಚು ದೂರದ ಮಹಡಿಯ ಮೂಲೆಗೆ ಸರಿಯಾಗಿ ತಾಗಿತ್ತು. ಕಂಬ ಅದೇ ಇದೆ, ಮಹಡಿಯೂ ಇದೆ, ಬಣ್ಣ ಮಾತ್ರ ಬೇರೆ. ಒಂದು ಹೆಜ್ಜೆ ಎಡಕ್ಕೆ ಹೋದರೆ ಎರಡರ ನಡುವೆ ಆಕಾಶ ಕಾಣುತ್ತದೆ, ಬಲಕ್ಕೆ ಹೋದರೆ ಕಂಬ ಮಹಡಿಯನ್ನು ನುಂಗುತ್ತದೆ. ಎರಡೂ ಕೂಡುವ ತನಕ ಸರಿಯುತ್ತಾ ಹೋಗಬೇಕು. ಇಂಥದೇ ಇನ್ನೊಂದು ಜೋಡಿ ಬೇರೆ ದಿಕ್ಕಿನಲ್ಲಿ ಸಿಕ್ಕರೆ, ಎರಡು ಗೆರೆ ಕೂಡುವ ಜಾಗವೇ ಕ್ಯಾಮೆರಾ ಇದ್ದ ಜಾಗ. ಲೆನ್ಸ್ ಬೇರೆ ಆದರೆ ಚಿಂತೆ ಇಲ್ಲ, ಅಗಲವಾಗಿ ತೆಗೆದು ಆಮೇಲೆ ಅಳತೆಗೆ ಕತ್ತರಿಸಿದರಾಯಿತು. ನಿಂತ ಜಾಗ ತಪ್ಪಿದರೆ ಮಾತ್ರ ಏನು ಮಾಡಿದರೂ ಹೊಂದಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮಾರ್ಕ್ ಕ್ಲೆಟ್ ಮತ್ತು ಜೊತೆಗಾರರು ನೂರು ವರ್ಷ ಹಳೆಯ ಬೆಟ್ಟಗುಡ್ಡದ ಫೋಟೋಗಳನ್ನು ಹಿಡಿದು ಅದೇ ಜಾಗಗಳಿಂದ ಮತ್ತೆ ಚಿತ್ರ ತೆಗೆದಿದ್ದರು. ನೆರಳಿನ ಉದ್ದ ಹೊಂದಬೇಕು ಅಂತ ವರ್ಷದ ಅದೇ ಕಾಲ, ದಿನದ ಅದೇ ಹೊತ್ತಿಗೆ ಕಾಯುತ್ತಿದ್ದರಂತೆ. ನನ್ನ ಕೈಲಿ ಅಷ್ಟು ಆಗಲಿಲ್ಲ. ಆದರೂ ಕೊನೆಗೆ ಎರಡು ಗೆರೆ ಕೂಡಿದಾಗ ನಾನು ನಿಂತಿದ್ದದ್ದು ಎದುರು ಮನೆಯ ಗೇಟಿನ ಒಳಗೆ. ಅಪ್ಪ ಫೋಟೋ ತೆಗೆಯೋಕೆ ಅವರ ಜಗಲಿ ಹತ್ತಿದ್ದರು ಅಂತ ಅವತ್ತು ಗೊತ್ತಾಯಿತು. ಆಗ ಅಲ್ಲಿ ಗೇಟೂ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ಕೇಳಿಯೇ ಹತ್ತಬೇಕು ಅಂತಲೂ ಇರಲಿಲ್ಲ. ಈಗಿನ ಮನೆಯವರಿಗೆ ವಿಷಯ ಹೇಳಿದೆ, ಒಳಗೆ ಬಿಟ್ಟರು, ಫೋಟೋ ನೋಡಿ ಅವರಿಗೂ ಖುಷಿಯಾಯಿತು.

ಬೀದಿ ಚಿಕ್ಕದಾಗಿತ್ತು. ಎಲ್ಲರೂ ಹೀಗೇ ಹೇಳುತ್ತಾರೆ, ನನಗೂ ಹಾಗೇ ಆಯಿತು. ಅಷ್ಟು ಓಡಿದ್ದ ಬೀದಿಯ ಅಗಲ ಅಳೆದರೆ ನನ್ನ ಹದಿನಾಲ್ಕು ಹೆಜ್ಜೆ.

ಇನ್ನೊಂದು ವಿಷಯ ಹೇಳಿಕೊಳ್ಳೋದು ಸ್ವಲ್ಪ ಕಷ್ಟ. ನನ್ನ ಮೊದಲ ನೆನಪು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಹೇಳುತ್ತಿದ್ದೆ. ಗಾಳಿಮಳೆಗೆ ಬೀದಿಯ ಕೊನೆಯ ಮರ ಬಿದ್ದದ್ದು, ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದು, ಹಸಿ ಎಲೆಯ ವಾಸನೆ. ಆ ಫೋಟೋ ಪೆಟ್ಟಿಗೆಯಲ್ಲಿ ಸಿಕ್ಕಿತು. ತಿರುಗಿಸಿದೆ. ಹಿಂದೆ ಅಪ್ಪನ ಅಕ್ಷರದಲ್ಲಿ ಬರೆದ ತಿಂಗಳು, ವರ್ಷ ನೋಡಿದರೆ ನಾನು ಹುಟ್ಟೋಕೆ ಇನ್ನೂ ಒಂದೂವರೆ ವರ್ಷ ಇದೆ. ಹೆಗಲ ಮೇಲೆ ಕೂತಿದ್ದವಳು ಅಕ್ಕ. ಚಿಕ್ಕಂದಿನಲ್ಲಿ ಆ ಫೋಟೋ ನೋಡಿ, ಅವಳ ಬಾಯಲ್ಲಿ ಆ ಕಥೆ ಕೇಳಿ ಕೇಳಿ, ಅದನ್ನು ನನ್ನದೇ ಮಾಡಿಕೊಂಡುಬಿಟ್ಟಿದ್ದೆ. ಇದು ನನಗೊಬ್ಬಳಿಗೇ ಆಗುವಂಥದ್ದಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಜನರಿಗೆ, ಅವರು ಚಿಕ್ಕವರಿದ್ದಾಗ ಬಿಸಿಗಾಳಿ ಬಲೂನಿನಲ್ಲಿ ಹೋದಂತೆ ಕಾಣುವ ಕೃತಕ ಫೋಟೋ ತೋರಿಸಿದ್ದರು. ಅವರು ಯಾರೂ ಬಲೂನ್ ಹತ್ತಿದವರಲ್ಲ. ಮೂರನೇ ಭೇಟಿ ಮುಗಿಯುವ ಹೊತ್ತಿಗೆ ಅರ್ಧದಷ್ಟು ಜನ ಪೂರ್ತಿಯಾಗೋ ಸ್ವಲ್ಪವೋ ಆ ಪ್ರಯಾಣವನ್ನು ನೆನಪಿಸಿಕೊಂಡು ವಿವರಿಸಿದರು. ಓದಿದಾಗ ಸ್ವಲ್ಪ ಸಮಾಧಾನ ಆಯಿತು. ಆದರೂ ಅಪ್ಪನ ಹೆಗಲು ಕೈಬಿಟ್ಟು ಹೋಯಿತಲ್ಲ ಅನ್ನೋ ಸಂಕಟ ಇನ್ನೂ ಇದೆ. ಅಕ್ಕನಿಗೆ ಹೇಳಿದಾಗ ಅವಳು, 'ನೀನೇ ಇಟ್ಟುಕೋ, ನನಗೆ ಏನೂ ನೆನಪಿಲ್ಲ' ಅಂದಳು.

ಕೊನೆಗೆ ಫೋಟೋಗಳನ್ನು ಹಳೇ ನೆರೆಹೊರೆಯವರ ಹತ್ತಿರ ತಗೊಂಡು ಹೋದೆ. ಫೋನಿನಲ್ಲಿ ತೋರಿಸಿದರೆ ಸರಿಹೋಗಲಿಲ್ಲ. ವಯಸ್ಸಾದವರು ದೊಡ್ಡದು ಮಾಡಿ ನೋಡೋಕೆ ಹೋಗಿ ಮುಂದಿನದಕ್ಕೆ ಸರಿಸಿಬಿಡುತ್ತಿದ್ದರು, ಮಾತು ಅಲ್ಲಿಗೆ ತುಂಡಾಗುತ್ತಿತ್ತು. ದೊಡ್ಡ ಪ್ರಿಂಟ್ ಹಾಕಿಸಿದೆ. ನಮ್ಮ ಮನೆಗೆ ಮೂರು ಮನೆ ಆಚೆ ಇದ್ದ ಅಜ್ಜಿ, ಎಂಬತ್ತು ದಾಟಿದವರು, ಈಗ ಮಗನ ಜೊತೆ ಬೇರೆ ಕಡೆ ಇದ್ದಾರೆ. ಪ್ರಿಂಟನ್ನು ಅವರ ಮುಂದೆ ಮೇಜಿನ ಮೇಲೆ ಇಟ್ಟೆ. ತುಂಬಾ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು, ಫೋಟೋದ ಮೇಲಲ್ಲ, ಅದರ ಅಂಚು ದಾಟಿ, ಬರೀ ಮೇಜಿನ ಮೇಲೆ. 'ಇಲ್ಲಿ ನಲ್ಲಿ ಇತ್ತು. ನಿಮ್ಮಮ್ಮನಿಗೂ ನನಗೂ ಮೊದಲು ಮಾತು ಶುರುವಾಗಿದ್ದು ಇಲ್ಲೇ' ಅಂದರು. ಆಮೇಲೆ ಬೆರಳು ಇನ್ನೂ ಸ್ವಲ್ಪ ಮುಂದೆ ಹೋಯಿತು. 'ಇಲ್ಲಿ ಟೈಲರು ಕೂರ್ತಿದ್ದ. ಇಲ್ಲಿ ಹಗಲೂ ರಾತ್ರಿ ಒಂದು ನಾಯಿ ಮಲಗಿರ್ತಿತ್ತು.' ಮೇಜಿನ ಕೊನೆ ತನಕ ಬೀದಿ ಬೆಳೆಯಿತು.

ನೋಡಿದ ಚಿತ್ರವನ್ನು ನೆನಪಿನಿಂದ ಬರೆಯಿರಿ ಅಂದರೆ ಜನ ಅದರ ಅಂಚಿನಾಚೆ ಇರಬಹುದಾದದ್ದನ್ನೂ ಸೇರಿಸಿ ಬರೆಯುತ್ತಾರೆ ಅಂತ ಹೆಲೆನ್ ಇಂಟ್ರಾಬ್ ಅನ್ನುವ ಮನೋವಿಜ್ಞಾನಿ 1989ರಲ್ಲಿ ತೋರಿಸಿದ್ದಾರೆ. ಗುರುತು ಪರಿಚಯ ಇಲ್ಲದ ಚಿತ್ರಕ್ಕೇ ಮನಸ್ಸು ಹೀಗೆ ಮಾಡುತ್ತೆ ಅಂದರೆ, ಬಾಳಿದ ಬೀದಿಗೆ ಕೇಳಬೇಕಾ? ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ದೊಡ್ಡ ಬಿಳಿ ಹಾಳೆಯ ನಡುವೆ ಪ್ರಿಂಟ್ ಇಟ್ಟು, ಪೆನ್ಸಿಲ್ ಅವರ ಕೈಗೇ ಕೊಟ್ಟೆ. 'ಇದು ಯಾವ ಮನೆ?' ಅಂತ ಕೇಳೋದು ಬಿಟ್ಟು, 'ಇದರ ಪಕ್ಕದಲ್ಲಿ ಏನಿತ್ತು?' ಅಂತ ಕೇಳಿದೆ. ಮೊದಲ ಪ್ರಶ್ನೆಗೆ ಒಂದೇ ಪದದ ಉತ್ತರ ಬರುತ್ತಿತ್ತು, ಎರಡನೆಯದಕ್ಕೆ ಅರ್ಧ ಗಂಟೆ. ಮಾತನ್ನು ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿಕೊಂಡೆ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ನಲ್ಲಿ ಇಲ್ಲಿತ್ತು ಅಂದರೆ ಇನ್ನೊಬ್ಬರು ಇಲ್ಲ ಅಲ್ಲಿತ್ತು ಅನ್ನುತ್ತಾರೆ, ಆ ಜಗಳದಲ್ಲಿ ನಲ್ಲಿಯ ಕಟ್ಟೆ, ಕಟ್ಟೆಯ ಪಾಚಿ, ಅಲ್ಲಿ ಜಾರಿ ಬಿದ್ದವರು, ಎಲ್ಲಾ ಹೊರಗೆ ಬರುತ್ತದೆ. ಒಳ್ಳೆಯದೇ ಬರುತ್ತೆ ಅಂತ ಮಾತ್ರ ಅಂದುಕೊಳ್ಳಬಾರದು. ಒಬ್ಬರು ಒಂದು ಬಾಗಿಲು ನೋಡಿದ ತಕ್ಷಣ ಪ್ರಿಂಟನ್ನು ಮಗುಚಿ ಇಟ್ಟರು. ನಾನು ಏನೂ ಕೇಳಲಿಲ್ಲ, ಬೇರೆ ಮಾತಾಡಿ ಎದ್ದು ಬಂದೆ.

ಈಗ ಎಲ್ಲಾ ನೆಗೆಟಿವ್‌ಗಳು ಹೊಸ ಕವರಿನಲ್ಲಿವೆ, ಫೈಲ್‌ಗಳು ಮೂರು ಕಡೆ ಇವೆ, ಒಂದು ಪ್ರತಿ ಅಕ್ಕನ ಮನೆಯಲ್ಲಿ. ಹೆಚ್ಚು ಕಡಿಮೆ ಎಲ್ಲಾ ಫೋಟೋಗಳಲ್ಲಿರುವವರ ಗುರುತು ಹತ್ತಿದೆ. ಒಂದನ್ನು ಬಿಟ್ಟು. ಅದು ಸಂಜೆ ತೆಗೆದದ್ದು, ಬೆಳಕು ಕಡಿಮೆ, ಶಟರ್ ನಿಧಾನ. ನಡುವೆ ಅಜ್ಜಿ ನೆಟ್ಟಗೆ ಕೂತಿದ್ದಾರೆ, ಅವರ ಕಿವಿಯೋಲೆ ಕೂಡ ಕಾಣುತ್ತದೆ. ಬಲಗಡೆ ಅಂಚಿನಲ್ಲಿ ಒಬ್ಬ ಹುಡುಗ ಓಡಿ ಬರುತ್ತಿದ್ದಾನೆ. ಚಡ್ಡಿ, ಎತ್ತಿದ ಒಂದು ಮೊಣಕಾಲು ಗೊತ್ತಾಗುತ್ತದೆ, ಮುಖ ಹೊಗೆಯ ಹಾಗೆ ಎಳೆದುಹೋಗಿದೆ. ಅಮ್ಮ ಒಂದು ಹೆಸರು ಹೇಳಿದರು. ಚಿಕ್ಕಪ್ಪ, ಅವನಲ್ಲ, ಅವನ ತಮ್ಮ ಅಂದರು. ಮೂರು ಮನೆ ಆಚೆಯ ಅಜ್ಜಿ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಬೇರೆಯೇ ಒಂದು ಹೆಸರು ಹೇಳಿದರು, ಆ ಹುಡುಗ ಬೀದಿಯಲ್ಲಿ ಒಂದೇ ವರ್ಷ ಇದ್ದನಂತೆ. ಮೂರನ್ನೂ ಕವರಿನ ಮೇಲೆ ಪೆನ್ಸಿಲ್‌ನಲ್ಲಿ, ಯಾರು ಹೇಳಿದ್ದು ಅನ್ನೋದರ ಸಮೇತ ಬರೆದಿಟ್ಟಿದ್ದೇನೆ. ಬೀದಿಯ ಕೊನೆಯಲ್ಲಿದ್ದ ಟೈಲರಿನ ಮಗಳು ಈಗ ಎಲ್ಲಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಬರುವ ಭಾನುವಾರ ಬಿಳಿ ಹಾಳೆ ತಗೊಂಡು ಅವರ ಮನೆಗೆ ಹೋಗುತ್ತಿದ್ದೇನೆ.